ಸಂಬಳಕ್ಕೂ ಮೊದಲು ಹಾಲ್ಟಿಂಗ್ ಕೇಳಿ

ಯಶವಂತಪುರದ ದೇವರಾಜ ಅರಸು ಟ್ರಕ್ ಟರ್ಮಿನಲ್ ಸುತ್ತಮುತ್ತ, ಎಪಿಎಂಸಿ ಯಾರ್ಡಿನ ಅಕ್ಕಪಕ್ಕ, ಗೊರಗುಂಟೆಪಾಳ್ಯದಿಂದ ಪೀಣ್ಯದವರೆಗೆ ಟ್ರಾನ್ಸ್‌ಪೋರ್ಟ್ ಆಫೀಸುಗಳಿಗೆ ಲೆಕ್ಕವಿಲ್ಲ. ಲೈಟ್ ಲೈಸೆನ್ಸ್ ಹಿಡಿದು ಒಂದು ವರ್ಷ ಕಾದು, ಆಮೇಲೆ ಹೆವಿ ಮಾಡಿಸಿಕೊಂಡು ಇಲ್ಲಿಗೆ ಕೆಲಸ ಕೇಳಿಕೊಂಡು ಬರುವ ಹುಡುಗರ ಮೊದಲ ಪ್ರಶ್ನೆ ಒಂದೇ: ತಿಂಗಳಿಗೆ ಎಷ್ಟು ಕೊಡ್ತೀರಿ? ಸಹಜವಾದ ಪ್ರಶ್ನೆ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆಯೇ ಇದೆ. ಗಾಡಿ ನಿಂತ ದಿನ ನನಗೆ ಏನು ಸಿಗುತ್ತದೆ?

ಲಾರಿಯ ಕೆಲಸ ಓಡಿಸುವುದು ಎಂದುಕೊಂಡವರಿಗೆ ಇದು ವಿಚಿತ್ರ ಅನ್ನಿಸಬಹುದು. ಲೈನಿಗೆ ಹೋಗಿ ಬಂದವರನ್ನು ಕೇಳಿ ನೋಡಿ. ಗೋಡೌನಿನ ಗೇಟಿನ ಹೊರಗೆ, ಅನ್‌ಲೋಡ್ ಮಾಡುವ ಹಮಾಲರಿಗಾಗಿ, ಪರವೂರಿನಲ್ಲಿ ರಿಟರ್ನ್ ಲೋಡಿಗಾಗಿ, ನಗರದೊಳಗೆ ಬಿಡುವ ಹೊತ್ತಿಗಾಗಿ ಕಾಯುವುದರಲ್ಲೇ ಎಷ್ಟೋ ದಿನ ಕಳೆದುಹೋಗುತ್ತದೆ. ಕಿಲೋಮೀಟರಿಗೆ ಇಷ್ಟು, ಟ್ರಿಪ್ಪಿಗೆ ಇಷ್ಟು ಎಂದು ಒಪ್ಪಿಕೊಂಡವನಿಗೆ ಆ ದಿನಗಳೆಲ್ಲ ಬರೀ ಖರ್ಚು. ಊಟ, ಸ್ನಾನ, ಪಾರ್ಕಿಂಗ್ ಎಲ್ಲವೂ ಅವನ ಜೇಬಿನಿಂದಲೇ. ಹೀಗೆ ಗಾಡಿ ಕಾದು ನಿಂತ ದಿನಗಳಿಗೆ ಸರಕಿನವರಿಂದ ಹಾಲ್ಟಿಂಗ್ ಹಣ ವಸೂಲು ಮಾಡುವ ಮಾಲೀಕರಿದ್ದಾರೆ. ಅದರಲ್ಲಿ ಡ್ರೈವರಿಗೆ ಪಾಲು ಕೊಡುವವರು ಕಡಿಮೆ. ಕೊಡುವವರು ಸಿಕ್ಕರೆ, ಅವರ ಸಂಬಳ ಪಕ್ಕದ ಆಫೀಸಿಗಿಂತ ಸ್ವಲ್ಪ ಕಡಿಮೆಯಿದ್ದರೂ ಅಲ್ಲಿಗೇ ಸೇರಿ ಎಂದು ಧೈರ್ಯವಾಗಿ ಹೇಳುತ್ತೇನೆ. ಕಾಯುವಿಕೆಗೆ ಬೆಲೆ ಕಟ್ಟುವ ಮಾಲೀಕ ಡ್ರೈವರನ್ನು ಸುಮ್ಮನೆ ಕಾಯಿಸುವುದಿಲ್ಲ. ಅಲ್ಲಿ ಕಳೆದ ಹೊತ್ತನ್ನು ರಾತ್ರಿ ನಿದ್ದೆಗೆಟ್ಟು ತುಂಬಿಸು ಎಂದೂ ಹೇಳುವುದಿಲ್ಲ.

ಎರಡನೆಯ ಪರೀಕ್ಷೆ ಲೆಕ್ಕದ್ದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತ್ತು. ದೂರದ ಮಾರ್ಗಗಳಿಗೆ ದಿನಕ್ಕೆ 10, ವಾರಕ್ಕೆ 54 ಗಂಟೆಯವರೆಗೆ ಸಡಿಲಿಕೆ ಇತ್ತು. ತುಂಬಿದ ಲಾರಿ ಸರಾಸರಿ ಗಂಟೆಗೆ 40-45 ಕಿಲೋಮೀಟರ್ ಹೋಗುತ್ತದೆ ಎಂದಿಟ್ಟುಕೊಳ್ಳಿ. ಹೆಬ್ಬಾಳದಿಂದ ಯಲಹಂಕ, ದೇವನಹಳ್ಳಿ ದಾಟಿ ಹೈದರಾಬಾದ್, ನಾಗಪುರದ ಮೇಲೆ ದೆಹಲಿಗೆ ಹೋಗುವ 44ನೇ ಹೆದ್ದಾರಿಯ ದಾರಿ ಸುಮಾರು 2,150 ಕಿಲೋಮೀಟರ್. ಒಬ್ಬನೇ ಓಡಿಸಿದರೆ ಐದು ದಿನ ಬೇಕೇ ಬೇಕು. ಒಬ್ಬನೇ ಮೂರು ದಿನದಲ್ಲಿ ಮುಟ್ಟಿಸಬೇಕು ಎಂದು ಯಾರಾದರೂ ಹೇಳಿದರೆ, ಅವರು ಡ್ರೈವಿಂಗ್ ಜೊತೆಗೆ ನಿಮ್ಮ ನಿದ್ದೆಯನ್ನೂ ಕೇಳುತ್ತಿದ್ದಾರೆ. ಸರಕಿನ ಜೊತೆ ಇರಬೇಕಾದ ಸರ್ಕಾರದ ಇ-ವೇ ಬಿಲ್ ಕೂಡ ಇಷ್ಟು ಅವಸರಪಡಿಸುವುದಿಲ್ಲ. 2021ರ ಜನವರಿಯಿಂದ ಅದಕ್ಕೆ 200 ಕಿಲೋಮೀಟರಿಗೆ ಒಂದು ದಿನದ ಅವಧಿ. ಆ ಲೆಕ್ಕದಲ್ಲಿ ದೆಹಲಿಗೆ 11 ದಿನ. ಅವಸರವೆಲ್ಲ ಮಾಲೀಕ ಮತ್ತು ಸರಕಿನವರು ತಮ್ಮೊಳಗೆ ಮಾಡಿಕೊಂಡ ಕರಾರಿನದು, ಬೆಲೆ ತೆರುವವನು ಮಾತ್ರ ಸ್ಟಿಯರಿಂಗ್ ಹಿಂದೆ ಕೂತವನು. ಆದ್ದರಿಂದ ಕೇಳಿ: ಡಬಲ್ ಡ್ರೈವರ್ ಹಾಕುತ್ತೀರಾ?

ಆ 1961ರ ಕಾಯ್ದೆ ಈಗ ಕಾರ್ಮಿಕ ಸಂಹಿತೆಯೊಳಗೆ ಸೇರಿಹೋಗಿದೆ. ಆದರೆ ಅದು ಜಾರಿಯಲ್ಲಿದ್ದ ಕಾಲದಲ್ಲೂ ಒಂದು ದೊಡ್ಡ ಕಿಂಡಿ ಇತ್ತು. ಐದು ಅಥವಾ ಹೆಚ್ಚು ಕಾರ್ಮಿಕರಿದ್ದ ಸಂಸ್ಥೆಗಳಿಗಷ್ಟೇ ಅದು ಅನ್ವಯ. ನಮ್ಮ ದೇಶದ ಬಹುಪಾಲು ಲಾರಿಗಳಿರುವುದೋ ಒಂದೆರಡು, ಮೂರು ಗಾಡಿ ಇಟ್ಟುಕೊಂಡವರ ಕೈಯಲ್ಲಿ. ಯಾರಿಗೆ ರಕ್ಷಣೆ ಹೆಚ್ಚು ಬೇಕಿತ್ತೋ ಅವರೇ ಹೊರಗುಳಿದರು. ಹಾಗೆಂದು ಸಣ್ಣ ಮಾಲೀಕರನ್ನು ನಾನು ತಳ್ಳಿಹಾಕುವುದಿಲ್ಲ. ವಿಜಯ ಸಂಕೇಶ್ವರರು 1976ರಲ್ಲಿ ಗದಗದಲ್ಲಿ ಶುರು ಮಾಡಿದ್ದೂ ಒಂದೇ ಲಾರಿಯಿಂದ. ಇವತ್ತು ಅವರ ವಿಆರ್‌ಎಲ್ ಕಂಪನಿಯ ಬಳಿ ಸಾವಿರಾರು ಸ್ವಂತ ಗಾಡಿಗಳಿವೆ. ತಾನೇ ಸ್ಟಿಯರಿಂಗ್ ಹಿಡಿದು ಬೆಳೆದ ಮಾಲೀಕನಿಗೆ ಘಾಟಿ ಎಂದರೇನು, ಮಧ್ಯರಾತ್ರಿ ಕಣ್ಣು ಎಳೆಯುವುದೆಂದರೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. ದೊಡ್ಡ ಹೆಸರಾಗಲಿ ಚಿಕ್ಕ ಹೆಸರಾಗಲಿ, ಹೊಸಬರಿಗೆ ನನ್ನ ಸಲಹೆ ಇಷ್ಟೇ: ಮೊದಲ ವರ್ಷ ಗೊತ್ತಾದ ಲೈನಿನಲ್ಲಿ ಓಡಿಸಿ. ಬ್ರಾಂಚಿನಿಂದ ಬ್ರಾಂಚಿಗೆ ಹೊತ್ತಿಗೆ ಸರಿಯಾಗಿ ಹೊರಡುವ ಪಾರ್ಸೆಲ್ ಗಾಡಿಯಲ್ಲಿ ಎಲ್ಲಿ ನಿಲ್ಲಿಸಬೇಕು, ಯಾವ ತಿರುವು ಕೆಟ್ಟದ್ದು, ಯಾವ ಪಂಪಿನಲ್ಲಿ ಮಲಗಬಹುದು ಎಂದು ದಾರಿಯೇ ಕಲಿಸುತ್ತದೆ. ಬ್ರೋಕರ್ ಕೊಟ್ಟ ಲೋಡು ಹಿಡಿದು ಇವತ್ತು ಸೂರತ್, ನಾಳೆ ಗುವಾಹಟಿ ಎಂದು ಅಲೆಯುವ ಮಾರ್ಕೆಟ್ ಗಾಡಿ ಎರಡನೇ ವರ್ಷಕ್ಕೆ ಇರಲಿ.

ಇನ್ನು ಕಡಿತಗಳ ವಿಷಯ. ಹೊಸಬರು ಹೆಚ್ಚು ಮೋಸ ಹೋಗುವುದು ಇಲ್ಲಿಯೇ. ಡೀಸೆಲಿಗೆ ಮಾಲೀಕರು ಒಂದು ಮೈಲೇಜ್ ಗೊತ್ತು ಮಾಡಿರುತ್ತಾರೆ, ಅದಕ್ಕಿಂತ ಹೆಚ್ಚು ಕುಡಿದರೆ ಬಾಟಾದಲ್ಲಿ ಕಟ್. ಲೋಡಿಗೆ ಎಷ್ಟು, ಖಾಲಿಗೆ ಎಷ್ಟು, ಘಾಟಿ ಹತ್ತುವ ಲೈನಿಗೆ ಬೇರೆ ಲೆಕ್ಕ ಉಂಟೇ ಎಂದು ಬಿಡಿಸಿ ಕೇಳಬೇಕು. ಸರಕು ಕಡಿಮೆ ಬಿದ್ದರೆ ಆ ಶಾರ್ಟೇಜ್ ಯಾರದು? ನಾಸಿಕ್ ಕಡೆಯಿಂದ ಯಶವಂತಪುರಕ್ಕೆ ಬರುವ ಈರುಳ್ಳಿ ದಾರಿಯಲ್ಲೇ ಒಣಗಿ ತೂಕ ಕಳೆದುಕೊಳ್ಳುತ್ತದೆ. ಬಿಸಿಲು ತಿಂದ ತೂಕವನ್ನು ಡ್ರೈವರಿನ ಸಂಬಳದಿಂದ ಮುರಿದುಕೊಳ್ಳುವುದು ಎಲ್ಲಿಯ ನ್ಯಾಯ? ಓವರ್‌ಲೋಡಿನ ದಂಡವೂ ಹಾಗೆಯೇ. 2019ರ ತಿದ್ದುಪಡಿಯ ನಂತರ ಅದು 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಲೋಡು ಹಾಕಿಸಿದವರು ಆಫೀಸಿನಲ್ಲಿರುತ್ತಾರೆ, ಸಿಕ್ಕಿಬೀಳುವವನು ರಸ್ತೆಯಲ್ಲಿರುತ್ತಾನೆ. ಓವರ್‌ಲೋಡ್ ಬೇಡ ಎಂದರೆ ಕೆಲಸ ಹೋಗುತ್ತದೆಯೇ ಎಂಬುದನ್ನು ಆಫೀಸಿನಲ್ಲಲ್ಲ, ಹೊರಗೆ ಚಹಾ ಕುಡಿಯುತ್ತಿರುವ ಆ ಕಂಪನಿಯ ಹಳೇ ಡ್ರೈವರುಗಳ ಬಳಿ ಕೇಳಿ.

ದೊಡ್ಡ ಅಡ್ವಾನ್ಸ್ ತೆಗೆದುಕೊಳ್ಳಬೇಡಿ. ಮನೆಯಲ್ಲಿ ಕಷ್ಟವಿರುತ್ತದೆ, ತಂಗಿಯ ಮದುವೆಯಿರುತ್ತದೆ, ನನಗೆ ಗೊತ್ತು. ಆದರೆ ಅಡ್ವಾನ್ಸ್ ತೀರುವವರೆಗೆ ಆ ಗಾಡಿ ಬಿಡುವ ಹಾಗಿಲ್ಲ, ಆ ಮಾಲೀಕನಿಗೆ ಇಲ್ಲ ಎನ್ನುವ ಹಾಗಿಲ್ಲ. ಒರಿಜಿನಲ್ ಲೈಸೆನ್ಸ್ ನಮ್ಮ ಹತ್ತಿರ ಇರಲಿ ಎಂದು ಕೇಳುವ ಆಫೀಸಿನಿಂದ ಆ ಕ್ಷಣವೇ ಎದ್ದು ಬನ್ನಿ.

ಕೀಲಿ ಕೈಗೆ ಬರುವ ಮೊದಲು ಗಾಡಿಯ ನಂಬರನ್ನು ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿ ನೋಡಿ. ಇನ್ಶೂರೆನ್ಸ್, ಎಫ್‌ಸಿ ಯಾವತ್ತಿನವರೆಗೆ ಇವೆ ಎಂದು ಅಲ್ಲೇ ಕಾಣುತ್ತದೆ. ಮಾಲೀಕ ಕಟ್ಟುವ ವಿಮೆಯಲ್ಲಿ ಸಂಬಳದ ಡ್ರೈವರಿನ ಸಾವು-ನೋವಿನ ಪರಿಹಾರದ ಹೊಣೆಯೂ ಸೇರಿರಬೇಕು ಎಂದು ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. ಆ ಪರಿಹಾರ ಕೇಳಬೇಕಾದರೆ ನೀವು ಅಲ್ಲಿ ಕೆಲಸಕ್ಕಿದ್ದಿರಿ ಎಂಬುದಕ್ಕೆ ಒಂದು ಕಾಗದ ಬೇಕು. ನೇಮಕಾತಿ ಪತ್ರ, ಬ್ಯಾಂಕಿಗೆ ಬಿದ್ದ ಸಂಬಳ, ಪಿಎಫ್ ನಂಬರ್, ಯಾವುದಾದರೂ ಸರಿ. ಏನೂ ಇಲ್ಲದೆ ನಗದಿನಲ್ಲಿ ದುಡಿದವನ ಹೆಂಡತಿ ನ್ಯಾಯಾಲಯದಲ್ಲಿ ತನ್ನ ಗಂಡ ಡ್ರೈವರಾಗಿದ್ದ ಎಂಬುದನ್ನೇ ಸಾಬೀತುಪಡಿಸುತ್ತ ವರ್ಷಗಟ್ಟಲೆ ನಿಲ್ಲಬೇಕಾಗುತ್ತದೆ. ಕಾರ್ಮಿಕ ಇಲಾಖೆಯಲ್ಲಿ ಖಾಸಗಿ ವಾಣಿಜ್ಯ ವಾಹನ ಚಾಲಕರ ಅಪಘಾತ ಪರಿಹಾರ ಯೋಜನೆ ಇದೆ, ಸಾವು ಸಂಭವಿಸಿದರೆ 5 ಲಕ್ಷ. ಮನೆಯವರಿಗೂ ಇದನ್ನು ಹೇಳಿಟ್ಟಿರಿ.

ಇನ್ನು ಡ್ರೈವರಿನ ದಣಿವಿನ ವಿಷಯ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಎಷ್ಟೋ ವರ್ಷ ತಡವಾಗಿ ಬಂದ ಒಳ್ಳೆಯ ನಿಯಮ. ಗುರುಗ್ರಾಮದ ರಿವಿಗೊ ಕಂಪನಿ 2014ರಿಂದ ಇನ್ನೂ ಮುಂದೆ ಹೋಗಿ ನೋಡಿತ್ತು: ಕೆಲವು ಗಂಟೆಗೊಮ್ಮೆ ಡ್ರೈವರ್ ಬದಲು, ಇಳಿದವನು ಇನ್ನೊಂದು ಗಾಡಿ ಹಿಡಿದು ಮನೆಗೆ ವಾಪಸು. ಅದರ ಎಕ್ಸ್‌ಪ್ರೆಸ್ ವ್ಯವಹಾರ 2022ರಲ್ಲಿ ಮಹೀಂದ್ರ ಲಾಜಿಸ್ಟಿಕ್ಸ್ ಪಾಲಾಯಿತು. ಆದರೂ ಬೆಂಗಳೂರು-ಹುಬ್ಬಳ್ಳಿ, ಬೆಂಗಳೂರು-ಹೈದರಾಬಾದ್ ಲೈನುಗಳಲ್ಲಿ ಹೀಗೆ ಡ್ರೈವರ್ ಬದಲಿಸುವುದನ್ನು ನಮ್ಮವರೇ ಮಾಡಲು ಸಾಧ್ಯವಿದೆ.

ಕೊನೆಗೆ ಒಂದು ಮಾತು ಡ್ರೈವರಿಗಲ್ಲ, ಪೀಣ್ಯದ ಕಾರ್ಖಾನೆಗಳಿಗೆ, ದಾಬಸ್‌ಪೇಟೆ-ನೆಲಮಂಗಲದ ಗೋಡೌನುಗಳಿಗೆ. ಗಾಡಿ ಗೇಟಿಗೆ ಬಂದ ಹೊತ್ತನ್ನು ಬರೆದು, ಸೀಲ್ ಹಾಕಿ, ಡ್ರೈವರಿನ ಕೈಗೆ ಕೊಡಿ. ಒಳಗೆ ಬಿಟ್ಟ ಹೊತ್ತಲ್ಲ, ಬಂದ ಹೊತ್ತು. ಹಾಲ್ಟಿಂಗ್ ಕೇಳಲು ಅವನಿಗೆ ಬೇಕಾದ ಗಟ್ಟಿ ಸಾಕ್ಷಿ ಅದೇ. ನೀವು ಕೊಡದಿದ್ದರೆ ಅವನು ಗೇಟಿನ ಮುಂದೆ ನಿಂತು ಫೋನಿನಲ್ಲಿ ಫೋಟೊ ತೆಗೆದುಕೊಳ್ಳುತ್ತಾನೆ. ಸೆಕ್ಯುರಿಟಿಯವರು ಅದಕ್ಕೆ ಅಡ್ಡಿ ಮಾಡದಿರಲಿ.