ಎರವಲು ತಾಳಕ್ಕೊಂದು ಕಾಲಂ ಬೇಕು

ನಿವೃತ್ತ ಅಧಿಕಾರಿಯ ಮನೆಗೆ ನೆರೆಹೊರೆಯವರು ಬರುವುದು ಬಹುತೇಕ ಅರ್ಜಿ ತುಂಬಿಸಿಕೊಳ್ಳಲು. ಕಳೆದ ತಿಂಗಳು ಹಾಗೆ ಬಂದವನು ನಮ್ಮ ಬೀದಿಯ ಒಬ್ಬ ತರುಣ. ಹಗಲು ಸಾಫ್ಟ್‌ವೇರ್ ನೌಕರಿ, ರಾತ್ರಿ ಕಂಪ್ಯೂಟರಿನಲ್ಲೇ ಸಂಗೀತ ರಚನೆ. ಕೀಬೋರ್ಡಿನಲ್ಲಿ ತಾನೇ ಕಟ್ಟಿದ ಇಂಪಾದ ಧಾಟಿಯೊಂದನ್ನು ಕೇಳಿಸಿದ. ಹಿನ್ನೆಲೆಯಲ್ಲಿ ತಬಲಾ, ಡ್ರಮ್ಮು. ಆ ತಬಲಾ ನುಡಿಸಿದವರು ಯಾರೆಂದು ಅವನಿಗೂ ತಿಳಿಯದು. ಅದು ‘ರಾಯಲ್ಟಿ ರಹಿತ’ ಎಂಬ ಹೆಸರಿನಲ್ಲಿ ಸಿಗುವ ಲೂಪ್, ಅಂದರೆ ಮೊದಲೇ ಧ್ವನಿಮುದ್ರಿಸಿಟ್ಟ, ಎಷ್ಟು ಸಲ ಬೇಕಾದರೂ ಸುತ್ತಿಸಬಹುದಾದ ಕೆಲವೇ ಸೆಕೆಂಡುಗಳ ನಾದದ ತುಣುಕು. ಕೃತಿಸ್ವಾಮ್ಯ ನೋಂದಣಿಯ ಹದಿನಾಲ್ಕನೆಯ ನಮೂನೆಯನ್ನು ಮುಂದಿಟ್ಟು, ‘ಅಂಕಲ್, ಇದು ಸ್ವಂತ ಕೃತಿಯೇ ಅಂತ ಕೇಳಿದಾರೆ. ಹೌದು ಅಂತ ಬರೀಲಾ?’ ಎಂದ.

ನೂರಾರು ನಮೂನೆಗಳನ್ನು ಕಂಡ ನನಗೂ ತಟ್ಟನೆ ಉತ್ತರ ಹೊಳೆಯಲಿಲ್ಲ.

ಮೊದಲು ಒಂದು ತಪ್ಪು ಗ್ರಹಿಕೆಯನ್ನು ನಿವಾರಿಸಬೇಕು. ರಾಯಲ್ಟಿ ರಹಿತ ಎಂದರೆ ಹಕ್ಕುದಾರನಿಲ್ಲದ್ದು ಎಂದಲ್ಲ. ಗಣಿಯಿಂದ ತೆಗೆದ ಅದಿರಿಗೆ ಟನ್ನಿನ ಲೆಕ್ಕದಲ್ಲಿ ಸರ್ಕಾರಕ್ಕೆ ರಾಯಧನ ಸಲ್ಲಬೇಕು. ಲೂಪಿನಲ್ಲಿ ಆ ಬಗೆಯ ಸಂದಾಯವಿಲ್ಲ. ಒಮ್ಮೆ ಬೆಲೆ ತೆತ್ತರೆ, ಅಥವಾ ಅದನ್ನು ಒಳಗೊಂಡ ತಂತ್ರಾಂಶವನ್ನು ಕೊಂಡರೆ, ಎಷ್ಟು ಹಾಡಿಗಾದರೂ ಬಳಸಿಕೊಳ್ಳಲು ಅನುಮತಿ ದೊರೆಯುತ್ತದೆ. ಆದರೆ ಲೂಪಿನ ಒಡೆತನ ಅದನ್ನು ತಯಾರಿಸಿದವರ ಬಳಿಯೇ ಉಳಿಯುತ್ತದೆ. ಆಪಲ್ ಕಂಪನಿಯ ಲೂಪುಗಳ ಷರತ್ತು ಹೇಳುವುದೂ ಇದನ್ನೇ: ನಿಮ್ಮ ಸಂಗೀತದಲ್ಲಿ ಬಳಸಿಕೊಳ್ಳಿ, ಲೂಪನ್ನೇ ಬಿಡಿಯಾಗಿ ಹಂಚಬೇಡಿ.

ಹಾಗಾದರೆ ಲೂಪು ಬೆರೆತ ಸಂಗೀತ ಸ್ವಂತದ್ದಲ್ಲವೆ? ಖಂಡಿತ ಸ್ವಂತದ್ದೇ, ಸೇರಿಸಿದಷ್ಟರ ಮಟ್ಟಿಗೆ. ರಿಹಾನಾ ಹಾಡಿದ ‘ಅಂಬ್ರೆಲಾ’ (2007) ಜಗತ್ತೆಲ್ಲ ಕೇಳಿದ ಹಾಡು. ಅದರ ಡ್ರಮ್ ಆಪಲ್‌ನ ಗ್ಯಾರೇಜ್‌ಬ್ಯಾಂಡ್ ತಂತ್ರಾಂಶದೊಡನೆ ಬರುವ ‘ವಿಂಟೇಜ್ ಫಂಕ್ ಕಿಟ್ 03’ ಎಂಬ ಲೂಪು. ಇದರಿಂದ ಹಾಡು ಬರೆದವರ ಕೃತಿಸ್ವಾಮ್ಯಕ್ಕೆ ಯಾವ ಧಕ್ಕೆಯೂ ಬರಲಿಲ್ಲ. ಹಾಗೆಯೇ, ಆ ಡ್ರಮ್ ಇನ್ನು ತಮ್ಮದೆಂದು ಹೇಳುವ ಅಧಿಕಾರವೂ ಅವರಿಗೆ ಬರಲಿಲ್ಲ. ಮಲ್ಲೇಶ್ವರದ ಹುಡುಗನೊಬ್ಬ ಇಂದು ಅದೇ ಲೂಪಿನ ಮೇಲೆ ಬೇರೊಂದು ಹಾಡು ಕಟ್ಟಿದರೆ ಯಾರೂ ತಡೆಯಲಾರರು.

ನಮ್ಮ ಸಂಗೀತಕ್ಕೆ ಈ ವಿಚಾರ ಹೊಸದೇನಲ್ಲ. ಕಲ್ಯಾಣಿ ರಾಗ, ಆದಿತಾಳ ಯಾರ ಆಸ್ತಿಯೂ ಅಲ್ಲ. ಅವುಗಳಲ್ಲಿ ಕಟ್ಟಿದ ಕೃತಿಗೆ ಕರ್ತೃವಿದ್ದಾನೆ. ಬೆಂಗಳೂರಿನ ಇಂಜಿನಿಯರ್ ಜಿ. ರಾಜ್ ನಾರಾಯಣ್ 1970ರ ದಶಕದಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಇಂದು ಅಂಥ ಪೆಟ್ಟಿಗೆಯ ಶ್ರುತಿಗೆ ಹಾಡದ ಗಾಯಕರು ವಿರಳ. ಕಛೇರಿಯಲ್ಲಿ ಪೆಟ್ಟಿಗೆಯವರಿಗೂ ಪಾಲುಂಟೆಂದು ಯಾರಾದರೂ ವಾದಿಸಿದ್ದನ್ನು ನಾನಂತೂ ಕೇಳಿಲ್ಲ.

ನ್ಯಾಯಾಲಯದ ನಿಲುವೂ ಇದಕ್ಕೆ ಹತ್ತಿರದ್ದು. ತೀರ್ಪುಗಳ ವರದಿಗಳನ್ನು ಪ್ರಕಟಿಸುವ ಈಸ್ಟರ್ನ್ ಬುಕ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ತೀರ್ಪಿನ ಮೂಲಪಾಠ ಎಲ್ಲರಿಗೂ ಮುಕ್ತ. ಪ್ರಕಾಶಕರು ತಮ್ಮ ವಿವೇಚನೆಯಿಂದ ಸೇರಿಸಿದ ಟಿಪ್ಪಣಿ, ಪರಿಚ್ಛೇದ ವಿಂಗಡಣೆ ಮಾತ್ರ ಅವರದು. ಬರಿಯ ಶ್ರಮ ಸಾಲದು, ಕಿಂಚಿತ್ತಾದರೂ ಸೃಜನಶೀಲತೆ ಬೇಕು ಎಂಬುದು ಅದರ ತಿರುಳು. ಎರಡು ಲೂಪುಗಳನ್ನು ಒಂದರ ಮೇಲೊಂದು ಇಟ್ಟು ‘ಕೃತಿ’ ಎನ್ನುವವರು ಇದನ್ನು ಗಮನಿಸುವುದು ಒಳ್ಳೆಯದು.

ತೊಡಕಿರುವುದು ಕಾನೂನಿನಲ್ಲಲ್ಲ, ನಮೂನೆಯಲ್ಲಿ. ಕೃತಿ ಸ್ವಂತದ್ದೇ, ಅನುವಾದವೇ, ರೂಪಾಂತರವೇ. ಮೂಲದಲ್ಲಿ ಕೃತಿಸ್ವಾಮ್ಯ ಇನ್ನೂ ಉಂಟೇ ಎಂದು ಅದು ವಿಚಾರಿಸುತ್ತದೆ. ಕಾದಂಬರಿಗೆ ಇಷ್ಟು ಸಾಕು. ಲೂಪು ಬೆರೆತ ಸಂಗೀತ ಅನುವಾದವೂ ಅಲ್ಲ, ರೂಪಾಂತರವೂ ಅಲ್ಲ. ‘ಸ್ವಂತ’ ಎಂದರೆ ತಬಲಾ ಕೂಡ ತನ್ನದೇ ಎಂದಂತಾಗುತ್ತದೆ. ಅಮೆರಿಕದ ಕೃತಿಸ್ವಾಮ್ಯ ಕಚೇರಿಯ ಅರ್ಜಿಯಲ್ಲಿ, ಮೊದಲೇ ಇದ್ದ ಯಾವ ಸಾಮಗ್ರಿಯನ್ನು ಹೊರತುಪಡಿಸಿ ಹಕ್ಕು ಕೇಳುತ್ತಿದ್ದೀರಿ, ಹೊಸದಾಗಿ ಸೇರಿಸಿದ್ದೇನು ಎಂದು ನಮೂದಿಸಲು ಪ್ರತ್ಯೇಕ ಜಾಗವಿದೆ. ನಮ್ಮಲ್ಲಿ ಅದಿಲ್ಲ.

ಇದು ಗುಮಾಸ್ತರ ಚಿಂತೆ ಎಂದು ನಗಬೇಡಿ. ನಮ್ಮಲ್ಲಿ ನೋಂದಣಿ ಕಡ್ಡಾಯವಲ್ಲ, ಕೃತಿ ಹುಟ್ಟಿದೊಡನೆ ಹಕ್ಕೂ ಹುಟ್ಟುತ್ತದೆ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 48ನೇ ಕಲಮಿನ ಪ್ರಕಾರ, ನೋಂದಣಿ ಪುಸ್ತಕದಲ್ಲಿರುವ ವಿವರವೇ ಮೇಲ್ನೋಟದ ಸಾಕ್ಷ್ಯ. ಅದು ತಪ್ಪೆಂದು ತೋರಿಸುವ ಹೊಣೆ ಎದುರುಗಾರನ ಹೆಗಲೇರುತ್ತದೆ. ಇಟ್ಟಿಗೆಯಾದರೆ ಒಂದು ಗೋಡೆ ಸೇರಿದ ಮೇಲೆ ಇನ್ನೊಂದಕ್ಕೆ ಸಿಗದು. ಲೂಪು ಏಕಕಾಲಕ್ಕೆ ಸಾವಿರ ಮನೆಗಳಲ್ಲಿ ಇರಬಲ್ಲ ಇಟ್ಟಿಗೆ. ಮೊದಲು ಕಚೇರಿಗೆ ಓಡಿದವನು ಅದನ್ನೂ ತನ್ನ ಹೆಸರಿಗೆ ಬರೆಸಿಕೊಂಡರೆ, ಉಳಿದ ಒಂಬೈನೂರ ತೊಂಬತ್ತೊಂಬತ್ತು ಮಂದಿಯ ಗತಿಯೇನು? ಯೂಟ್ಯೂಬಿನಲ್ಲಿ 2007ರಿಂದ ಇರುವ ‘ಕಂಟೆಂಟ್ ಐಡಿ’ ನಾದವನ್ನು ನಾದದೊಡನೆ ಹೋಲಿಸುವ ಯಂತ್ರ. ಯಾವುದು ಎರವಲು, ಯಾವುದು ಸ್ವಂತ ಎಂದು ಅದು ತಾನಾಗಿ ಅರಿಯದು. ಆದ್ದರಿಂದಲೇ ಹಲವರಿಗೆ ಒಟ್ಟಾಗಿ ಪರವಾನಗಿ ಕೊಟ್ಟ ಲೂಪುಗಳನ್ನು ಅದಕ್ಕೆ ಉಣಿಸಬಾರದು ಎಂಬ ನಿಯಮವನ್ನು ಆ ಕಂಪನಿಯೇ ಮಾಡಿಕೊಂಡಿದೆ. ಖಾಸಗಿ ಕಂಪನಿಗೆ ಹೊಳೆದದ್ದು ನಮ್ಮ ನೋಂದಣಿ ಕಚೇರಿಗೆ ಹೊಳೆಯಬಾರದೆ?

ಲೂಪು ನುಡಿಸಿದ ಕಲಾವಿದನ ಪಾಡು ಬೇರೆಯೇ ಲೇಖನದ ವಸ್ತು. ಒಂದು ಮಧ್ಯಾಹ್ನದ ಕೂಲಿ ಪಡೆದು ಮನೆಗೆ ಹೋದವನ ಬೆರಳು ಮುಂದೆ ಎಷ್ಟೋ ಹಾಡುಗಳಲ್ಲಿ ದುಡಿಯುತ್ತಿರಬಹುದು. ಅವನಿಗೆ ಹಣ ಸಿಗದಿದ್ದರೂ, ಅವನ ಕೆಲಸ ಬೇರೆಯವರ ಹೆಸರಿನಲ್ಲಿ ನೋಂದಣಿಯಾಗುವುದನ್ನಾದರೂ ತಪ್ಪಿಸಬಹುದು.

ಈ ತಿದ್ದುಪಡಿಗೆ ಹೊಸ ಮಸೂದೆ ಬೇಕಿಲ್ಲ. ನಮೂನೆಯಿರುವುದು ಕಾಯ್ದೆಯಲ್ಲಲ್ಲ, 2013ರ ನಿಯಮಾವಳಿಯಲ್ಲಿ. 2016ರಲ್ಲಿ ಕೃತಿಸ್ವಾಮ್ಯದ ಹೊಣೆ ಮಾನವ ಸಂಪನ್ಮೂಲ ಸಚಿವಾಲಯದಿಂದ ವಾಣಿಜ್ಯ ಸಚಿವಾಲಯದ ಕೈಗಾರಿಕಾ ನೀತಿ ಇಲಾಖೆಗೆ ಬಂದಿದೆ. ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ಎರಡು ಸಾಲು ಸೇರಿಸಿದರೆ ಸಾಕು: ಪರವಾನಗಿ ಪಡೆದು ಬಳಸಿದ ಸಾಮಗ್ರಿ ಯಾವುದು? ಅರ್ಜಿದಾರನು ಹೊಸದಾಗಿ ರಚಿಸಿದ್ದು ಯಾವುದು?

ಸದ್ಯಕ್ಕೆ ನಮ್ಮ ಹುಡುಗ ‘ಸ್ವಂತ ಕೃತಿ’ ಎಂದೇ ಬರೆದು, ಬಳಸಿದ ನಾಲ್ಕು ಲೂಪುಗಳ ಹೆಸರು ಮತ್ತು ಅವುಗಳ ಪರವಾನಗಿಯ ವಿವರವನ್ನು ಬೇರೊಂದು ಹಾಳೆಯಲ್ಲಿ ಲಗತ್ತಿಸಿದ್ದಾನೆ. ‘ಇದನ್ನ ಯಾರಾದ್ರೂ ಓದ್ತಾರಾ ಅಂಕಲ್?’ ಎಂದು ಕೇಳಿದ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಲಗತ್ತುಗಳ ನಡುವೆಯೇ ಬದುಕಿದವನಾಗಿ, ಒಂದು ಪ್ರತಿಯನ್ನು ನಿನ್ನ ಬಳಿಯೂ ಇಟ್ಟುಕೋ ಎಂದೆ.