ಹುಡುಗಿಯರಿಗೂ ಒಂದು ಸಂಜೆ

"ವೇದಾ ನಮ್ಮ ಕಡೂರಿನವಳು" ಎನ್ನುವಾಗ ನಮ್ಮ ಕಡೆಯವರ ಮುಖದಲ್ಲಿ ಅರಳುವ ಹಿಗ್ಗನ್ನು ನೀವೂ ಕಂಡಿರುತ್ತೀರಿ. ತರೀಕೆರೆಯವರೂ ಅಜ್ಜಂಪುರದವರೂ ಆ ಹಿಗ್ಗಿನಲ್ಲಿ ಪಾಲು ಕೇಳುತ್ತಾರೆ. ಕೇಳಲಿ, ಬೇಡವೆನ್ನುವವರಾರು? ಆದರೆ ಒಬ್ಬ ಹುಡುಗಿ ಅಷ್ಟೆತ್ತರಕ್ಕೆ ಏರಿದ್ದರಲ್ಲಿ ನಮ್ಮ ಊರುಗಳು ಕೊಟ್ಟದ್ದೇನು ಎಂದು ಕೇಳುವ ಹಕ್ಕು ನನಗಿದೆ.

ಮೊದಲು ಆಕೆ ಮಾಡಿದ್ದನ್ನು ನೋಡೋಣ. 1992ರಲ್ಲಿ ಹುಟ್ಟಿದ ವೇದಾ ಕೃಷ್ಣಮೂರ್ತಿ 2011ರಲ್ಲಿ ಇಂಗ್ಲೆಂಡಿನ ಡರ್ಬಿಯಲ್ಲಿ ಭಾರತಕ್ಕಾಗಿ ಮೊದಲ ಏಕದಿನ ಪಂದ್ಯ ಆಡಿ 51 ರನ್ ಹೊಡೆದರು. 2017ರ ವಿಶ್ವಕಪ್ಪಿನಲ್ಲಿ ಅದೇ ಡರ್ಬಿ. ಸೋತರೆ ಗಂಟುಮೂಟೆ ಕಟ್ಟಬೇಕಾದ ಪಂದ್ಯ. ನಾಯಕಿ ಮಿಥಾಲಿ ರಾಜ್ 109 ರನ್ ಮಾಡಿದರೆ ವೇದಾ 45 ಎಸೆತಗಳಲ್ಲಿ 70 ರನ್ ಚಚ್ಚಿದರು. ಆಮೇಲೆ ವಿಜಯಪುರದ ರಾಜೇಶ್ವರಿ ಗಾಯಕವಾಡ್ 15 ರನ್ನಿಗೆ ಐದು ವಿಕೆಟ್ ಕಿತ್ತು, ನ್ಯೂಜಿಲೆಂಡನ್ನು 79ಕ್ಕೆ ಮುಗಿಸಿದರು. ಆ ದಿನ ತಂಡವನ್ನು ದಡ ಸೇರಿಸಿದವರಲ್ಲಿ ಇಬ್ಬರು ನಮ್ಮ ಸಣ್ಣ ಊರುಗಳ ಹೆಣ್ಣುಮಕ್ಕಳು!

"ಫೈನಲ್ ಸೋತರಲ್ಲ" ಎಂದು ರಾಗ ಎಳೆಯುವವರಿದ್ದಾರೆ. ಹೌದು, ಲಾರ್ಡ್ಸ್‌ನಲ್ಲಿ ಒಂಬತ್ತು ರನ್ನುಗಳಿಂದ ಸೋತರು; ವೇದಾ ಅಲ್ಲಿ 35 ಹೊಡೆದಿದ್ದರು. 2020ರ ಟಿ-20 ವಿಶ್ವಕಪ್ಪಿನ ಫೈನಲ್ಲಿನಲ್ಲೂ ಸೋಲೇ. 48 ಏಕದಿನ, 76 ಟಿ-20 ಪಂದ್ಯಗಳ ಲೆಕ್ಕ ಬರೆಸಿ 2025ರ ಜುಲೈಯಲ್ಲಿ ನಿವೃತ್ತಿ ಹೇಳಿದರು. ಅದೇ ನವೆಂಬರಿನಲ್ಲಿ ನಮ್ಮ ಹೆಣ್ಣುಮಕ್ಕಳು ವಿಶ್ವಕಪ್ ಎತ್ತಿದರು. ಕಳಸಕ್ಕೆ ಕೈಮುಗಿಯುವವರು ತಳಪಾಯದ ಕಲ್ಲನ್ನು ಮರೆಯಬಾರದು. ಪುರುಷರಷ್ಟೇ ಪಂದ್ಯದ ಸಂಭಾವನೆ ಸ್ತ್ರೀಯರಿಗೂ ಎಂದು ನಮ್ಮ ಕ್ರಿಕೆಟ್ ಮಂಡಳಿ ಸಾರಿದ್ದು 2022ರಲ್ಲಿ. ಟೆನಿಸ್ಸಿನಲ್ಲೂ ಇದೇ ಕತೆ: ವಿಂಬಲ್ಡನ್ ಸಮಾನ ಬಹುಮಾನ ಕೊಟ್ಟದ್ದು 2007ರಲ್ಲಿ. ಯಾವುದೂ ಪುಕ್ಕಟೆ ಸಿಕ್ಕಿದ್ದಲ್ಲ.

ಈಗ ನನ್ನ ತಕರಾರು. ಬೀದಿಯಲ್ಲಿ ಹುಡುಗರ ಜೊತೆ ಆಡುತ್ತಿದ್ದ ವೇದಾ ಆಟ ಕಲಿಯಲು ಬೆಂಗಳೂರು ಸೇರಬೇಕಾಯಿತು. ಕಳಿಸುವ ಮನಸ್ಸಿನ ಮನೆಯಿತ್ತು, ಹೋದರು. ತರೀಕೆರೆಯಿಂದಲೂ ಅಜ್ಜಂಪುರದಿಂದಲೂ ಬೆಂಗಳೂರಿನ ಕಡೆಗೆ ರೈಲಿದೆ. ಆದರೆ ಅಂಥ ಮನೆ ಎಷ್ಟು ಹುಡುಗಿಯರಿಗಿದೆ? ಅದಿಲ್ಲದವಳು ಎಲ್ಲಿ ಆಡಬೇಕು?

ಸಂಜೆ ಐದರ ಮೇಲೆ ನಿಮ್ಮೂರಿನ ಮೈದಾನದ ಕಡೆ ಹೋಗಿ ನೋಡಿ. ಗಂಡುಹುಡುಗರ ನಾಲ್ಕು ಗುಂಪುಗಳಿರುತ್ತವೆ. ಅವರ ತಂಗಿಯರು? ನೀರು ಹಿಡಿಯುತ್ತಿರುತ್ತಾರೆ, ದೀಪ ಹಚ್ಚುತ್ತಿರುತ್ತಾರೆ, ಟ್ಯೂಷನ್ನಿಗೆ ಹೋಗಿರುತ್ತಾರೆ. ಹತ್ತು ವರ್ಷದವರೆಗೆ ಚಿಗರೆಯಂತೆ ಓಡಿದವಳಿಗೆ ಮೈನೆರೆದ ಮರುದಿನದಿಂದ "ಬಿಸಿಲಿಗೆ ಕಪ್ಪಾಗ್ತೀಯ", "ನೋಡಿದವರು ಏನಂತಾರೆ" ಎಂಬ ಪಾಠ. ಆ ಪಾಠ ಹೇಳುವವರು ಬಹಳ ಸಲ ಹೆಂಗಸರೇ ಎಂಬುದು ಇನ್ನೂ ಕಹಿ. ಬಯ್ಯುವವರ ಬಾಯಿಗೆ ಹೆದರಿ ಹಾಗೆನ್ನುತ್ತಾರೆ, ನನಗೆ ಗೊತ್ತು. ಆದರೆ ಆ ಹೆದರಿಕೆಯ ಬೆಲೆ ತೆರುವವಳು ಮಗಳು.

ನಾನು ಸ್ಟೇಡಿಯಂ ಕೇಳುತ್ತಿಲ್ಲ. ಊರಿನ ಹೈಸ್ಕೂಲು ಮೈದಾನವನ್ನು ವಾರಕ್ಕೆ ಮೂರು ಸಂಜೆ ಹುಡುಗಿಯರಿಗೇ ಬಿಟ್ಟುಕೊಡಿ. ಬೀಗ ಹಾಕದ ಒಂದು ಶೌಚಾಲಯ, ಕಲಿಸಲು ಒಬ್ಬರು ಟೀಚರು, ಒಂದಷ್ಟು ಚೆಂಡು ಸಾಕು. ಸರದಿಯ ಮೇಲೆ ಇಬ್ಬರು ತಾಯಂದಿರು ಅಲ್ಲೇ ಕೂತಿರಲಿ. ಬೇಕಿದ್ದರೆ ಸೊಪ್ಪು ಸೋಸುತ್ತಲೇ ಕೂತಿರಲಿ. ಶಾಲೆಯಲ್ಲಿ ಆಟದ ಪೀರಿಯಡ್ಡನ್ನು ಗಣಿತಕ್ಕೆ ಕಿತ್ತುಕೊಳ್ಳದಿರಲಿ.

"ಆಡಿದವರೆಲ್ಲ ವೇದಾ ಆಗುತ್ತಾರೆಯೇ?" ಎಂದು ಕೇಳುತ್ತೀರಿ. ಆಗುವುದಿಲ್ಲ. ಮೈದಾನದಲ್ಲಿ ಧೂಳೆಬ್ಬಿಸುವ ಹುಡುಗರೆಲ್ಲ ದ್ರಾವಿಡ್ ಆಗುತ್ತಾರೆಯೇ? ಅವರನ್ನು ಯಾರಾದರೂ ಹಾಗೆ ಕೇಳಿ ಮನೆಗೆ ಅಟ್ಟಿದ್ದುಂಟೆ?