ಹೃದಯ ಶಸ್ತ್ರಚಿಕಿತ್ಸೆಯ ಬಳಿಕ ಸಿಆರ್‌ಪಿ: ಭಯವೂ ಬೇಡ, ಉಪೇಕ್ಷೆಯೂ ಬೇಡ

ತೆರೆದ ಹೃದಯದ ಶಸ್ತ್ರಚಿಕಿತ್ಸೆಯಾಗಿ ಎರಡು-ಮೂರು ದಿನಗಳಾದಾಗ ಬಂಧುಗಳ ಕೈಗೆ ಬರುವ ರಕ್ತಪರೀಕ್ಷೆಯ ವರದಿಯಲ್ಲಿ ಸಿಆರ್‌ಪಿ ಎಂಬುದರ ಮುಂದೆ ನೂರನ್ನು ಮೀರಿದ ಅಂಕಿ ಇರುವುದುಂಟು. ಪಕ್ಕದಲ್ಲಿಯೇ ಸಾಮಾನ್ಯ ಮಟ್ಟವು ಲೀಟರಿಗೆ 10 ಮಿಲಿಗ್ರಾಂಗಿಂತ ಕಡಿಮೆ ಎಂದು ಮುದ್ರಿತವಾಗಿರುತ್ತದೆ. ಇದನ್ನು ಕಂಡ ಮನೆಮಂದಿ ಸೋಂಕು ತಗುಲಿತೆಂದು ಕಂಗೆಡುತ್ತಾರೆ. ಈ ಭಯದ ಬಹುಪಾಲು ತಿಳಿವಳಿಕೆಯ ಕೊರತೆಯಿಂದ ಹುಟ್ಟಿದ್ದೆಂಬುದು ನಮ್ಮ ಅಭಿಪ್ರಾಯ.

1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಮೊದಲು ಗುರುತಿಸಲಾದ ಸಿ-ರಿಯಾಕ್ಟಿವ್ ಪ್ರೋಟೀನ್ ಯಕೃತ್ತಿನಲ್ಲಿ ತಯಾರಾಗುವ ವಸ್ತು. ದೇಹದಲ್ಲಿ ಎಲ್ಲಿಯೇ ಉರಿಯೂತವಾದರೂ ಅದು ಏರುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಎದೆಮೂಳೆಯನ್ನು ಸೀಳಬೇಕಾಗುತ್ತದೆ. ಅನೇಕರಲ್ಲಿ ಹೃದಯವನ್ನು ನಿಲ್ಲಿಸಿ, ರಕ್ತವನ್ನು ಯಂತ್ರದ ಕೊಳವೆಗಳ ಮೂಲಕ ಹರಿಸಬೇಕಾಗುತ್ತದೆ. ಗಾಯಕ್ಕೂ ಆ ಕೃತಕ ಸ್ಪರ್ಶಕ್ಕೂ ದೇಹವು ಪ್ರತಿಕ್ರಿಯಿಸುತ್ತದೆ. ಕೆಲವೇ ಗಂಟೆಗಳಲ್ಲಿ ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ ಏರುತ್ತದೆ. ಅದರ ಸೂಚನೆಯಂತೆ ಯಕೃತ್ತು ಸಿಆರ್‌ಪಿಯನ್ನು ಉತ್ಪಾದಿಸತೊಡಗುತ್ತದೆ. ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ದಿನ ಅದು ಶಿಖರ ಮುಟ್ಟಿ, ಅನಂತರ ಇಳಿಮುಖವಾಗುತ್ತದೆ. ಬಿಳಿ ರಕ್ತಕಣಗಳೂ ಹೀಗೆಯೇ ಕೆಲಕಾಲ ಹೆಚ್ಚುವುದುಂಟು. ಇದು ಮಾಯುವಿಕೆಯ ಮೊದಲ ಹಂತವೇ ಹೊರತು ತಾನಾಗಿಯೇ ಒಂದು ರೋಗವಲ್ಲ.

ಆದ್ದರಿಂದ ಒಂದು ದಿನದ ಅಂಕಿಗಿಂತ ದಿನದಿಂದ ದಿನಕ್ಕೆ ಅದು ಸಾಗುವ ದಿಕ್ಕು ಮುಖ್ಯ. ಇಳಿಯುತ್ತಿದ್ದ ಸಿಆರ್‌ಪಿ ಮತ್ತೆ ಏರಿದರೆ, ಅಥವಾ ದಿನಗಳು ಕಳೆದರೂ ಇಳಿಯದಿದ್ದರೆ, ವೈದ್ಯರು ಶ್ವಾಸಕೋಶ, ಮೂತ್ರನಾಳ, ಎದೆಯ ಗಾಯಗಳಲ್ಲಿ ಸೋಂಕನ್ನು ಹುಡುಕುತ್ತಾರೆ. ಆಗಲೂ ಜ್ವರ, ಉಸಿರಾಟ, ಗಾಯದ ಸ್ಥಿತಿಗಳೊಡನೆ ಕೂಡಿಸಿಯೇ ಅಂಕಿಯನ್ನು ಓದಬೇಕು.

ವರದಿಯನ್ನು ಕೈಗಿತ್ತು ಮೌನವಾಗಿರುವುದು ವೈದ್ಯರಿಗೆ ಶೋಭಿಸದು. ಈ ಏರಿಳಿತವನ್ನು ಶಸ್ತ್ರಚಿಕಿತ್ಸೆಗೆ ಮುನ್ನವೇ ಎರಡು ಮಾತುಗಳಲ್ಲಿ ವಿವರಿಸಿದರೆ ಎಷ್ಟೋ ಮನೆಗಳ ನಿದ್ರೆ ಉಳಿಯುತ್ತದೆ. ಬಂಧುಗಳ ಹೊಣೆಯೂ ಅಷ್ಟೇ ಇದೆ. ಸಿಆರ್‌ಪಿ ಇಳಿಸಲೆಂದು ಔಷಧಿ ಅಂಗಡಿಯಿಂದ ಆಂಟಿಬಯೋಟಿಕ್ ತಂದು ಕೊಡುವುದು ಸಲ್ಲದು. ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆಗಳು ಬೈಪಾಸ್ ಆದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯವನ್ನು ಹೆಚ್ಚಿಸಬಲ್ಲವು. ವೈದ್ಯರು ಬರೆದುಕೊಟ್ಟ ಆಸ್ಪಿರಿನ್ ಮಾತ್ರೆಯನ್ನು ಮಾತ್ರ ತಾವಾಗಿ ನಿಲ್ಲಿಸಬಾರದು. ಕವಾಟ ಬದಲಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ಔಷಧಿ ಸೇವಿಸುವವರು ಕಷಾಯ-ಚೂರ್ಣಗಳನ್ನೂ ವೈದ್ಯರನ್ನು ಕೇಳದೆ ಸೇವಿಸಬಾರದು.

ಮನೆಗೆ ಮರಳಿದ ಮೇಲೆ ಎಚ್ಚರಿಕೆಯ ಸೂಚಕಗಳು ರೋಗಿಯ ದೇಹದಲ್ಲಿಯೇ ಕಾಣುತ್ತವೆ. ಜ್ವರ, ಗಾಯದಿಂದ ಕೀವು, ಹೆಚ್ಚುವ ಕೆಂಪು, ಕೆಮ್ಮಿದಾಗ ಎದೆಮೂಳೆ ಕಟಕಟ ಅಲುಗುವುದು, ಎದೆಬಡಿತದ ಏರುಪೇರು, ಏದುಸಿರು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಧುಮೇಹಿಗಳಲ್ಲಿ ಗಾಯದ ಸೋಂಕಿನ ಸಂಭವ ಹೆಚ್ಚಾದುದರಿಂದ ಸಕ್ಕರೆಯ ಮಟ್ಟ ಹತೋಟಿಯಲ್ಲಿರಲಿ. ಯೋಗಕ್ಷೇಮ ವಿಚಾರಿಸಲು ಹೋಗುವ ಸದ್ಭಕ್ತರು ಗುಂಪಾಗಿ ಹೋಗದಿರಲಿ. ನೆಗಡಿ-ಕೆಮ್ಮು ಉಳ್ಳವರು ಕೆಲದಿನ ಭೇಟಿಯನ್ನು ಮುಂದೂಡಲಿ. ಮಾಯುತ್ತಿರುವ ದೇಹಕ್ಕೆ ನಾವು ಸಲ್ಲಿಸಬಹುದಾದ ಸೇವೆಯಲ್ಲಿ ಅದೂ ಒಂದು.